ಒಂಬತ್ತು ದಿನದ ಸರ್ಕಾರ, ಒಂದು ನೆತ್ತಿಹಂಚು

ಬಾಗ್ದಾದಿನಲ್ಲಿ ನಾನು ಕಟ್ಟಿದ ಹಂಚಿನ ಮಾಡನ್ನು ನೋಡಿ ಬರುತ್ತೇವೆಂದು ಯಾರೂ ಹೊರಡಬೇಡಿ. ಅದು ಈಗ ಅಲ್ಲಿ ಇಲ್ಲ. ಇದ್ದದ್ದೇ ಒಂದು ತಿಂಗಳು, ಅದೂ ನೆತ್ತಿ ಇಲ್ಲದೆ. ಬಿಚ್ಚಿದವನೂ ನಾನೇ. ಕುದ್ರೋಳಿಯ ವಾಚನಾಲಯದ ಗೆಳೆಯರು ಹದಿನೈದು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ಸಮುದ್ರ ದಾಟಿ ಹೋಗಿ ಎಂತ ಮಾಡಿ ಬಂದೆ ಎಂದು ದಿನಕ್ಕೊಬ್ಬರು ಕೇಳುತ್ತಾರೆ. ಬಾಯಲ್ಲಿ ಹೇಳಹೊರಟರೆ ನನಗೆ ಉಮೇದು ಏರಿ ಎದ್ದು ನಿಲ್ಲುತ್ತೇನೆ, ಕೈ ಬೀಸುತ್ತೇನೆ, ಪಕ್ಕದವರ ಚಾ ಚೆಲ್ಲುತ್ತದೆ. ಅದಕ್ಕೇ ಕೂತು ಬರೆದುಬಿಡುತ್ತಿದ್ದೇನೆ.

ನನ್ನ ಹೆಸರು ಐತಪ್ಪ. ಹಂಚು ಹೊದಿಸುವ ಮೇಸ್ತ್ರಿ. ಗುರುಪುರ ಹೊಳೆಯ ದಂಡೆಯ ಕಾರ್ಖಾನೆಯಲ್ಲಿ ಹಂಚು ಸುಡುತ್ತಾರೆ, ನಾನು ಅದನ್ನು ಜನರ ತಲೆಯ ಮೇಲೆ ಏರಿಸುತ್ತೇನೆ. ಮಂಗಳೂರಿನಲ್ಲಿ ಅರ್ಧ ಊರು ನಾನು ಹೊದಿಸಿದ ಮಾಡಿನ ಕೆಳಗೆ ಮಲಗುತ್ತದೆ ಎಂದು ನಾನು ಜಂಬ ಕೊಚ್ಚುವುದುಂಟು. ಅರ್ಧ ಊರಲ್ಲದಿದ್ದರೂ ಒಂದೆರಡು ಬೀದಿಯಂತೂ ಸರಿ.

ದಕ್ಕೆಯಲ್ಲಿ

ಇರಾಕಿನ ಶಿಕ್ಷಣ ಮಂತ್ರಿಗಳು ಯಾವಾಗಲೋ ಬೊಂಬಾಯಿಗೆ ಬಂದಿದ್ದಾಗ ಕೆಂಪು ಹಂಚಿನ ಮಾಡು ಕಂಡು ಮರುಳಾದರಂತೆ. ಬಾಗ್ದಾದಿನ ಒಂದು ಹೆಣ್ಣುಮಕ್ಕಳ ವಸತಿ ಶಾಲೆಗೆ ಅಂಥದ್ದೇ ಮಾಡು ಬೇಕೆಂದು ನಮ್ಮ ಕಾರ್ಖಾನೆಗೆ ಬರೆದರು. ಹಂಚು ಬೇಕು, ಹಂಚಿನ ಕೆಳಗೆ ಇಳಿಜಾರಾಗಿ ನಿಲ್ಲುವ ಪಕ್ಕಾಸು, ಅದರ ಮೇಲೆ ಅಡ್ಡ ಹೊಡೆಯುವ ರೀಪು, ಇವುಗಳ ಮರ ಬೇಕು, ಹೊದಿಸಲು ಮನುಷ್ಯನೂ ಬೇಕು. ಆ ಮನುಷ್ಯ ನಾನು ಎಂದು ಗೊತ್ತಾದ ದಿನ ಕಾರ್ಖಾನೆಯಿಂದ ಮನೆಯವರೆಗೆ ನಾನು ನಡೆದೆನೋ ಹಾರಿದೆನೋ ನೆನಪಿಲ್ಲ.

ಮಾಡಿನ ಎರಡು ಇಳಿಜಾರು ಕೂಡುವಲ್ಲಿ ಕವುಚಿ ಕೂರಿಸುವ ಹಂಚಿಗೆ ನಾವು ನೆತ್ತಿಹಂಚು ಅನ್ನುತ್ತೇವೆ. ಕೊನೆಯ ನೆತ್ತಿಹಂಚು ಕೂತ ಮೇಲೆಯೇ ಮಾಡು ಮುಗಿದ ಹಾಗೆ. ಬಾಗ್ದಾದಿನ ಹಂಚು ಇನ್ನೂ ಹಸಿ ಇದ್ದಾಗ ನಾನು ಒಂದು ನೆತ್ತಿಹಂಚನ್ನು ಬೇರೆ ಇಟ್ಟು, ಒಳಮೈಯಲ್ಲಿ ಮೊಳೆಯಿಂದ ಗೀರಿ ಬರೆದೆ: ಐತಪ್ಪ, ಕುದ್ರೋಳಿ. ಹೊರಮೈಯಲ್ಲಿ ಬರೆದರೆ ಯಜಮಾನರು ಬಿಟ್ಟಾರೆಯೇ? ಅಕ್ಕ ಅದೇ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುವವಳು. ಅಳಿಯಸಂತಾನದ ನಮ್ಮಲ್ಲಿ ಮನೆ ಅಕ್ಕಂದಿರದ್ದು, ನಾನು ಅವಳ ಮನೆಯಲ್ಲಿರುವ ತಮ್ಮ. ಅವಳಿಗೆ ಅಕ್ಷರ ಬಾರದು. ಬಗ್ಗಿ ನೋಡಿ, ನನ್ನ ಹೆಸರಿನ ಪಕ್ಕ ಹೆಬ್ಬೆರಳು ಒತ್ತಿದಳು.

"ಎತ್ತರದಲ್ಲಿ ಇಡು ಮಾರಾಯ," ಎಂದಳು. "ನಾನಂತೂ ಹಡಗು ಹತ್ತುವವಳಲ್ಲ. ನನ್ನ ಬೆರಳಾದ್ರೂ ಬಾಗ್ದಾದು ನೋಡ್ಲಿ."

"ಇಡ್ತೇನೆ ಅಕ್ಕ. ಅದಕ್ಕಿಂತ ಮೇಲೆ ಆಕಾಶ ಮಾತ್ರ ಇರ್ಬೇಕು, ಹಾಗೆ ಇಡ್ತೇನೆ," ಎಂದೆ.

ಬಂದರಿನ ದಕ್ಕೆಯಲ್ಲಿ ಹಂಚು ತುಂಬುವುದನ್ನು ನೀವೆಲ್ಲ ನೋಡಿದ್ದೀರಿ. ಗೋದಾಮಿನಿಂದ ಮಂಜಿ ಹಡಗಿನ ಹೊಟ್ಟೆಯವರೆಗೆ ಜನ ಸಾಲಾಗಿ ನಿಲ್ಲುತ್ತಾರೆ, ಹಂಚು ಕೈಯಿಂದ ಕೈಗೆ ಹಾರುತ್ತದೆ, ಮುಂದಿನವ ರಾಗವಾಗಿ ಎಣಿಸುತ್ತಾನೆ: ಒಂಜಿ, ರಡ್ಡ್, ಮೂಜಿ. ಎಣಿಕೆ ತಪ್ಪಿದರೆ ಕೈ ತಪ್ಪುತ್ತದೆ, ಕೈ ತಪ್ಪಿದರೆ ಹಂಚು ಒಡೆಯುತ್ತದೆ. ನನ್ನ ನೆತ್ತಿಹಂಚನ್ನು ಮಾತ್ರ ಆ ಸಾಲಿಗೆ ಕೊಡದೆ, ಬೈಹುಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಮಂಜಿ ಹತ್ತಿದೆ.

ನೀರಿನ ಮೇಲೆ

ಮಾಡಿನ ನೆತ್ತಿಯ ಮೇಲೆ ಏನನ್ನೂ ಹಿಡಿಯದೆ ಓಡಾಡುವ ನಾನು ಚಪ್ಪಟೆ ಹಲಗೆಯ ಮೇಲೆ ಮೂರು ದಿನ ನಿಲ್ಲಲಾರದೆ ಬಿದ್ದಿದ್ದೆ. ನಾವಿಕರಿಗೆ ನಾನು ಒಳ್ಳೆಯ ತಮಾಷೆಯಾದೆ. ಅವರಲ್ಲಿ ಹಿರಿಯರು ಅದ್ರಾಮಾಕ, ನಮ್ಮ ಕುದ್ರೋಳಿಯ ಬ್ಯಾರಿ, ಮೂವತ್ತು ವರ್ಷದಿಂದ ಬಸ್ರಾದ ದಾರಿಯಲ್ಲಿ ಓಡಾಡಿ ಅರಬ್ಬಿ ಕಲಿತವರು. ಕಾರ್ಖಾನೆಯವರು ಅವರನ್ನೇ ನನಗೆ ಬಾಯಿಯಾಗಿ ಗೊತ್ತು ಮಾಡಿದ್ದರು.

"ಹೊಟ್ಟೆಯಲ್ಲಿ ಇದ್ದದ್ದೆಲ್ಲ ಹೋಗ್ಲಿ ಐತಪ್ಪ," ಎಂದು ಅವರು ಬೆನ್ನು ತಟ್ಟಿದರು. "ಮಂಜಿಗೆ ಭಾರ ಕಡಿಮೆ ಆಗ್ತದೆ."

ನಾಲ್ಕನೆಯ ದಿನ ಎದ್ದೆ. ಎದ್ದವನು ಮತ್ತೆ ಮಲಗಲು ಮನಸ್ಸು ಮಾಡಲಿಲ್ಲ, ಅಷ್ಟು ಚಂದ. ಹಾರುವ ಮೀನುಗಳು ಹಾರಿ ಬಂದು ಹಂಚಿನ ರಾಶಿಯ ಮೇಲೆ ಬೀಳುತ್ತಿದ್ದವು. ನಮ್ಮ ಸಮುದ್ರ ಇಷ್ಟು ದೊಡ್ಡದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ.

ಬಸ್ರಾದಲ್ಲಿ ಇಳಿದಾಗ ನಿಜ ಹೇಳುತ್ತೇನೆ, ಸ್ವಲ್ಪ ಬೇಸರವಾಯಿತು. ಅಲ್ಲಿ ಹಿಂದುಸ್ತಾನಿ ಮಾತಾಡುವ ನಮ್ಮ ಕಡೆಯ ಗುಮಾಸ್ತರೇ ಎಲ್ಲೆಲ್ಲೂ. ಪರದೇಶಕ್ಕೆ ಬಂದೆನೋ ಬಂದರಿನ ಇನ್ನೊಂದು ಕೊನೆಗೆ ಬಂದೆನೋ ಎನ್ನಿಸಿತು. ಹಂಚನ್ನು ರೈಲಿಗೆ ತುಂಬಿ ಹೊರಟ ಮೇಲೆ ಬೇಸರ ಹೋಯಿತು. ಒಂದು ಹಗಲು ಪೂರ್ತಿ ಕಿಟಕಿಯಲ್ಲಿ ನೋಡಿದರೂ ಒಂದು ಗುಡ್ಡ ಇಲ್ಲ, ಒಂದು ತೋಡು ಇಲ್ಲ. ಭೂಮಿಯನ್ನು ಯಾರೋ ಲಟ್ಟಿಸಿಟ್ಟ ಹಾಗೆ ಉಂಟು.

ಶಾಲೆ

ಶಾಲೆಯ ಹೆಸರು ಬೇಡ, ನದಿಗೆ ಹತ್ತಿರ ಎಂದರೆ ಸಾಕು. ಮಣ್ಣಿನ ಇಟ್ಟಿಗೆಯ ಎರಡಂತಸ್ತಿನ ಕಟ್ಟಡ, ಮಧ್ಯೆ ಅಂಗಳ, ಮೇಲೆ ಚಪ್ಪಟೆ ಮಣ್ಣಿನ ತಾರಸಿ. ಆ ಊರಿಗೆ ಊರೇ ಚಪ್ಪಟೆ. ಒಂದು ಮನೆಗೂ ಇಳಿಜಾರು ಎಂಬುದಿಲ್ಲ. ನನಗೆ ಅಯ್ಯೋ ಅನ್ನಿಸಿತು. ಇಷ್ಟು ದೊಡ್ಡ ಪಟ್ಟಣದಲ್ಲಿ ಜನರಿಗೆ ಮಾಡು ಕಟ್ಟಲು ಬಾರದೇ ಹೋಯಿತಲ್ಲ ಎಂದು ಕನಿಕರಪಟ್ಟೆ. ನೆನಪಾದಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ತಂದೆತಾಯಿಯಿಲ್ಲದ ನಲವತ್ತು ಹುಡುಗಿಯರು ಅಲ್ಲಿ ಓದುತ್ತಾರೆ, ಅಲ್ಲೇ ಇರುತ್ತಾರೆ. ಮುಖ್ಯ ಉಪಾಧ್ಯಾಯಿನಿಯ ಹೆಸರು ನಾಜಿಮಾ. ಎಲ್ಲರೂ ಅವರನ್ನು 'ಸಿತ್' ಎಂದು ಕರೆಯುತ್ತಿದ್ದರು, ನಾವು ದೊಡ್ಡವರನ್ನು 'ಅಮ್ಮಾ' ಅನ್ನುವಂತೆ. ಸಪೂರ ಹೆಂಗಸು, ಕನ್ನಡಕ, ಕೈಯಲ್ಲಿ ಸದಾ ಬೀಗದ ಗೊಂಚಲು. ಮೊದಲ ದಿನವೇ ಅವರು ನನ್ನ ಪಕ್ಕಾಸುಗಳನ್ನು ನೋಡಿ ಅದ್ರಾಮಾಕನಿಗೆ ಉದ್ದಕ್ಕೆ ಏನೋ ಹೇಳಿದರು.

"ಎಂತ ಹೇಳ್ತಾರೆ?" ಎಂದೆ.

"ಇದು ಬೇಡ ಅಂತ ಮಂತ್ರಿಗಳಿಗೆ ಬರೆದಿದ್ದರಂತೆ. ಅವರು ಕೇಳ್ಲಿಲ್ಲವಂತೆ."

"ಯಾಕೆ ಬೇಡ ಅಂತೆ?"

"ಅದನ್ನು ಹೇಳುವ ಮೊದ್ಲೇ ಗಂಟೆ ಹೊಡೀತು, ಹೋದರು."

ಗಂಡಸರು ಹೆಣ್ಣುಮಕ್ಕಳ ಶಾಲೆಯೊಳಗೆ ಸುತ್ತಾಡುವ ಹಾಗಿರಲಿಲ್ಲ. ನಮಗೆ ಹೊರಗಿನ ಏಣಿ, ಹೊರಗಿನ ಊಟ. ಆದ್ದರಿಂದ ಮತ್ತೆ ಕೇಳುವುದಾಗಲಿಲ್ಲ. ಕೇಳುವ ಮನಸ್ಸೂ ನನಗಿರಲಿಲ್ಲ. ಆಗ ಅಲ್ಲಿ ಇನ್ನೂ ತಣ್ಣಗಿನ ಗಾಳಿ, ಜನ ಕಂಬಳಿ ಹೊದ್ದು ಓಡಾಡುತ್ತಿದ್ದರು. ತಾರಸಿಯ ಮೇಲೆಯೇ ಸೊಂಟದೆತ್ತರದಿಂದ ಪಕ್ಕಾಸು ಎಬ್ಬಿಸಿ, ರೀಪು ಹೊಡೆದು, ಎರಡು ಕಡೆಯಿಂದ ಹಂಚು ಏರಿಸುತ್ತ ಬಂದೆ. ಇಳಿಜಾರು ಎಷ್ಟು ಇಟ್ಟೆ ಗೊತ್ತೇ? ನಮ್ಮ ಆಷಾಢದ ಮಳೆಗೆ ಎಷ್ಟು ಬೇಕೋ ಅಷ್ಟು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬ ಮುದುಕ ದಿನವೂ ಬಂದು ಅರ್ಧ ಗಂಟೆ ನಿಲ್ಲುತ್ತಿದ್ದ. ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಕಾಫಿ ಅಂಗಡಿ

ನೆತ್ತಿಯ ಸಾಲು ಒಂದೇ ಬಾಕಿ ಇತ್ತು. ಆ ಮಂಗಳವಾರ ಸಂಜೆ ನಾವು ಕಾಫಿ ಅಂಗಡಿಯಲ್ಲಿ ಕೂತಿದ್ದೆವು. ಹೆಸರು ಕಾಫಿ ಅಂಗಡಿ, ಎಲ್ಲರೂ ಕುಡಿಯುವುದು ಚಾ, ಸೊಂಟ ಸಣ್ಣದಾದ ಪುಟ್ಟ ಗಾಜಿನ ಲೋಟದಲ್ಲಿ, ಹಾಲಿಲ್ಲದೆ. ಒಬ್ಬ ಪತ್ರಿಕೆ ಓದಿ ಹೇಳುತ್ತಿದ್ದ. ಒಮ್ಮೆಲೇ ಪಗಡೆ ಆಡುವವರ ಕೈ ನಿಂತಿತು.

"ಪ್ರಧಾನಮಂತ್ರಿ ರಾಜೀನಾಮೆ ಕೊಟ್ಟರಂತೆ," ಎಂದರು ಅದ್ರಾಮಾಕ. "ಮಂತ್ರಿಗಳೆಲ್ಲ ಮನೆಗೆ. ಸರ್ಕಾರ ಬಿತ್ತು."

ನಾನು ಎದ್ದು ನಿಂತೆ. ಚಾ ಪಂಚೆಯ ಮೇಲೆ ಚೆಲ್ಲಿತು. ಸರ್ಕಾರ ಬಿತ್ತು! ನಮ್ಮೂರಿನಲ್ಲಿ ಕಲೆಕ್ಟರ್ ಬದಲಾಗುವುದನ್ನು ಕಂಡಿದ್ದೆ, ಸರ್ಕಾರ ಬೀಳುವುದನ್ನು ಕಂಡಿರಲಿಲ್ಲ. ಸ್ವರಾಜ್ಯ ಬೇಕೆಂದು ಕೂಗುತ್ತ ಮೆರವಣಿಗೆ ಹೋಗುವವರ ಹಿಂದೆ ನಾನೂ ನಾಲ್ಕು ಹೆಜ್ಜೆ ಹಾಕಿದವನೇ. ಇಲ್ಲಿ ನೋಡಿದರೆ ನಮ್ಮಂಥ ಬಣ್ಣದ ಜನ, ತಮ್ಮದೇ ಸರ್ಕಾರ ಮಾಡಿ, ತಾವೇ ಬೀಳಿಸಿ, ಮತ್ತೆ ತಾವೇ ಎಬ್ಬಿಸುತ್ತಾರೆ! ಈಗ ತೋಪು ಹಾರುತ್ತದೆ, ಕುದುರೆಗಳು ಬರುತ್ತವೆ ಎಂದು ಬೀದಿಯ ಕಡೆ ಕಣ್ಣರಳಿಸಿ ನೋಡಿದೆ. ಒಬ್ಬ ಕತ್ತೆಯ ಮೇಲೆ ಕಲ್ಲಂಗಡಿ ಹೇರಿಕೊಂಡು ಹೋದ. ಪಗಡೆಯವರು ಮತ್ತೆ ದಾಳ ಉರುಳಿಸಿದರು.

"ಕೂತ್ಕೋ ಮಾರಾಯ," ಎಂದರು ಅದ್ರಾಮಾಕ. "ಇವರಿಗೆ ಇದು ಅಭ್ಯಾಸ ಉಂಟು."

ಮರುದಿನ ರಾಜರು ಆರು ಮಂದಿ ಹಿರಿಯರನ್ನು ಕರೆದು ಹಂಗಾಮಿ ಮಂತ್ರಿಮಂಡಲ ಮಾಡಿದರು. ಸರಿಯಾದ ಹೊಸ ಸರ್ಕಾರ ಕೂಡಿ ಬರುವವರೆಗೆ ನೋಡಿಕೊಳ್ಳಲು ಮಾತ್ರ. ಶಾಲೆ, ಕಾಲುವೆ, ಅಂಚೆ, ಮೂರೂ ಒಬ್ಬ ಮುದುಕರ ಪಾಲಿಗೆ ಬಂದವು. ಅದಕ್ಕೂ ಮರುದಿನ ಕಟ್ಟಡ ನೋಡಿಕೊಳ್ಳುವ ಇಂಜಿನಿಯರ್ ಬಂದು ನನ್ನ ಕೆಲಸ ನಿಲ್ಲಿಸಿದ. ಹೊಸ ಸರ್ಕಾರ ಬರುವ ತನಕ ಒಂದು ಮೊಳೆ ಒಳಗೆ ಹೋಗಬಾರದು, ಒಂದು ಮೊಳೆ ಹೊರಗೆ ಬರಬಾರದು. ನನ್ನ ನೆತ್ತಿಹಂಚು ಬೈಹುಲ್ಲಿನೊಳಗೇ ಉಳಿಯಿತು.

ನಾನು ಕಂಡ ದಂಗೆ

ಆ ಗುರುವಾರ ಸೆಕೆ ಶುರುವಾಯಿತು. ನಮ್ಮ ಸೆಕೆ ಮೈಯನ್ನು ಒದ್ದೆ ಮಾಡುತ್ತದೆ, ಅಲ್ಲಿಯದು ಒಣಗಿಸುತ್ತದೆ. ಒಲೆಯ ಬಾಯಿ ತೆರೆದಿಟ್ಟ ಹಾಗೆ. ಹಂಚು ಕಾದು ಬಿರಿಯುತ್ತದೋ ಎಂದು ನೋಡಲು ಸಂಜೆ ಕಳ್ಳನ ಹಾಗೆ ಹೊರ ಏಣಿ ಹತ್ತಿದೆ. ನೆತ್ತಿಯ ಮೇಲೆ ಕೂತು ಸುತ್ತ ನೋಡಿದೆ.

ಸೂರ್ಯ ಮುಳುಗುತ್ತಿದ್ದ. ಬಾಗ್ದಾದಿಗೆ ಬಾಗ್ದಾದೇ ತಾರಸಿ ಹತ್ತುತ್ತಿತ್ತು. ಗಂಡಸರು, ಹೆಂಗಸರು, ಮುದುಕರು, ಬೆನ್ನ ಮೇಲೆ ಗಂಟು, ತಲೆಯ ಮೇಲೆ ಮಂಚ, ಕೈಯಲ್ಲಿ ಹೂಜಿ! ಸರ್ಕಾರ ಬಿದ್ದು ಎರಡು ದಿನ. ನನಗೆ ಬೇರೆ ಏನು ತೋಚೀತು? ಸೈನ್ಯ ಬಂತು, ಜನ ಗಂಟುಮೂಟೆ ಕಟ್ಟಿ ಮೇಲೆ ಓಡುತ್ತಿದ್ದಾರೆ. "ದಂಗೆ! ದಂಗೆ! ಅದ್ರಾಮಾಕ, ಓಡಿ!" ಎಂದು ಬೊಬ್ಬೆ ಹೊಡೆದೆ.

ಕೆಳಗೆ ಬೀದಿಯಲ್ಲಿ ಅದ್ರಾಮಾಕ ಎದುರು ಮನೆಯವನನ್ನು ಏನೋ ಕೇಳಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತರು.

"ದಂಗೆ ಅಲ್ಲ ಮಾರಾಯ! ಮಲಗ್ಲಿಕ್ಕೆ! ಬೇಸಿಗೆಯಲ್ಲಿ ಇವರೆಲ್ಲ ಮೇಲೆಯೇ ಮಲಗುವುದಂತೆ!"

"ನಿಮಗೆ ಗೊತ್ತಿರ್ಲಿಲ್ವಾ? ಮೂವತ್ತು ವರ್ಷ ಬಂದಿದ್ದೀರಿ!"

"ನಾನು ಇಲ್ಲಿಯ ಬೇಸಿಗೆ ಯಾವಾಗ ನೋಡಿದ್ದೇನೆ? ನಮ್ಮ ಮಂಜಿ ಅದಕ್ಕೆ ಮೊದ್ಲೇ ತಿರುಗ್ತದಲ್ಲ!"

ಅದು ಸರಿ. ಮಳೆಗಾಲಕ್ಕೆ ಮೊದಲು ಮಂಗಳೂರಿನ ಬಂದರು ಸೇರಬೇಕಾದ ಜನ ನಾವು. ತಲೆಮಾರುಗಳಿಂದ ಆ ಊರಿಗೆ ಹೋಗುತ್ತಿದ್ದರೂ ಆ ಜನ ಬೇಸಿಗೆಯಲ್ಲಿ ಎಲ್ಲಿ ಮಲಗುತ್ತಾರೆಂದು ನಮ್ಮವರೊಬ್ಬರೂ ಕಂಡಿರಲಿಲ್ಲ. ನಮ್ಮ ಮಂಜಿಯೂ ಆಗಲೇ ಹೊರಟುಹೋಗಿತ್ತು. ಕೆಲಸ ಮುಗಿಯದ್ದರಿಂದ ನಾವಿಬ್ಬರು ಉಳಿದಿದ್ದೆವು. ನಮ್ಮಲ್ಲಿ ಮಾಡಿನ ಮೇಲೆ ಹತ್ತುವುದು ಬೆಕ್ಕು, ಮಂಗ, ಕಳ್ಳ ಮತ್ತು ನಾನು. ಮಾಡೆಂದರೆ ನೀರು ಇಳಿಯುವ ಜಾಗ ಎಂದಷ್ಟೇ ನನಗೆ ಗೊತ್ತು.

ನಾನೂ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕಾಲ ಕೆಳಗೆ ತಾರಸಿಯ ಮೆಟ್ಟಿಲ ಬಾಗಿಲು ಕಿರ್ರೆಂದಿತು. ಹಂಚಿನ ಸಂದಿನಿಂದ ನೋಡಿದೆ. ಸಿತ್ ನಾಜಿಮಾ ನಿಂತಿದ್ದರು. ಅವರ ಹಿಂದೆ ಮೆಟ್ಟಿಲ ಮೇಲೆ ಸಾಲಾಗಿ ನಲವತ್ತು ಹುಡುಗಿಯರು, ಒಬ್ಬೊಬ್ಬಳ ತೋಳಲ್ಲೂ ಒಂದು ಹಾಸಿಗೆ. ಮುಂದಿದ್ದವಳು ಹೆಜ್ಜೆ ಇಟ್ಟಳು, ಅವಳ ಹಣೆ ನನ್ನ ಪಕ್ಕಾಸಿಗೆ ತಾಗಿತು. ಉಜ್ಜಿಕೊಂಡು ಮೇಲೆ ನೋಡಿದಳು. ಸಿತ್ ಬಾಗಿಲು ಮುಚ್ಚಿದರು. ಹಾಸಿಗೆಗಳು ಒಂದೊಂದಾಗಿ ಇಳಿದು ಹೋದ ಶಬ್ದ ನನಗೆ ಕೇಳಿಸಿತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹಂಗಾಮಿ ಮಂತ್ರಿಗಳ ಕಚೇರಿ

ಈಗ ನಾಚಿಕೆಯ ಮಾತೊಂದನ್ನು ಹೇಳಿಬಿಡುತ್ತೇನೆ. ಅಷ್ಟು ಕಂಡ ಮೇಲೂ ನಾನು ಶನಿವಾರ ಕಚೇರಿಗೆ ಹೋದದ್ದು ಮಾಡನ್ನು ಮುಗಿಸಲು ಅಪ್ಪಣೆ ಕೇಳುವುದಕ್ಕೆ. ಒಂದೇ ಸಾಲು ಬಾಕಿ! ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಬಾಗ್ದಾದಿನ ಮೊದಲ ಕೆಂಪು ಮಾಡು, ಅದರ ನೆತ್ತಿಯಲ್ಲಿ ನನ್ನ ಹೆಸರು. ಹುಡುಗಿಯರು ಕಿಟಕಿ ತೆರೆದು ಒಳಗೆ ಮಲಗಲಿ, ಅಭ್ಯಾಸವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೊರ ಕೋಣೆಯಲ್ಲಿ ಸಿತ್ ಆಗಲೇ ಕೂತಿದ್ದರು. ಮಾಡು ತೆಗೆಸಿ ಎಂದು ಕೇಳುವುದಕ್ಕೆ. ಇಬ್ಬರು ಹುಡುಗಿಯರು ಶಾಲೆಯ ಕೋಣೆಗಳ ಕಾವಿಗೆ ಜ್ವರ ಹಿಡಿದು ಮಲಗಿದ್ದಾರೆಂದು ಅವರು ಅದ್ರಾಮಾಕನಿಗೆ ಹೇಳಿದರು. ನಾನು ಚಪ್ಪಲಿ ನೋಡುತ್ತ ಕೂತೆ.

ಒಳಗೆ ದೊಡ್ಡ ಮೇಜಿನ ಹಿಂದಿನ ದೊಡ್ಡ ಕುರ್ಚಿ ಖಾಲಿ ಇತ್ತು. ಅದರ ಬೆನ್ನಿಗೆ ಹಿಂದಿನ ಮಂತ್ರಿಗಳ ಕೋಟು ಇನ್ನೂ ನೇತಾಡುತ್ತಿತ್ತು. ಹಂಗಾಮಿ ಮಂತ್ರಿಗಳು ಕಿಟಕಿಯ ಪಕ್ಕ, ಭೇಟಿಗೆ ಬಂದವರು ಕೂರುವ ಬೆಂಚಿನಲ್ಲಿ ಕೂತು, ಕರವಸ್ತ್ರ ಬಿಚ್ಚಿ ತಮ್ಮದೇ ಚಾ ಲೋಟ ಹೊರಗೆ ತೆಗೆದರು. ನಾಲ್ಕು ದಿನಕ್ಕೆ ಸರ್ಕಾರದ ಲೋಟ ಯಾಕೆ ಎಂದು ಮನೆಯಿಂದ ತರುತ್ತಾರಂತೆ. ಬಿಳಿ ಗಡ್ಡ, ನಗುವ ಕಣ್ಣು. ಮಂತ್ರಿಯೆಂದರೆ ಹೆದರಬೇಕೆಂದು ಸಿದ್ಧನಾಗಿ ಹೋದ ನನಗೆ ಹೆದರಲು ಜಾಗವೇ ಸಿಗಲಿಲ್ಲ.

ಇಬ್ಬರ ಮಾತನ್ನೂ ಕೇಳಿ ಅವರು ಹೇಳಿದ್ದನ್ನು ಅದ್ರಾಮಾಕ ನನಗೆ ಹೀಗೆ ದಾಟಿಸಿದರು: "ಮನೆಯವರು ಪರವೂರಿಗೆ ಹೋಗುವಾಗ ಪಕ್ಕದ ಮನೆಯವನ ಕೈಗೆ ಬೀಗದ ಕೈ ಕೊಡ್ತಾರಲ್ಲ, ತಾನು ಆ ಪಕ್ಕದ ಮನೆಯವ ಅಂತೆ. ದೀಪ ಹಚ್ಚಬಹುದಂತೆ, ಬೆಕ್ಕಿಗೆ ಹಾಲು ಹಾಕಬಹುದಂತೆ. ಗೋಡೆ ಕಟ್ಟುವ ಹಾಗೂ ಇಲ್ಲ, ಒಡೆಯುವ ಹಾಗೂ ಇಲ್ಲ ಅಂತೆ. ಬೆಕ್ಕಿನದ್ದು ಅವರೇ ಹೇಳಿದ್ದು, ನಾನು ಸೇರಿಸಿದ್ದಲ್ಲ."

ಆದರೂ ನಾಳೆ ಬಂದು ನೋಡುತ್ತೇನೆ ಎಂದರು.

ಪಕ್ಕಾಸಿನ ಕೆಳಗೆ

ಭಾನುವಾರ ಸಂಜೆ ಬಂದರು, ನಡೆದುಕೊಂಡು. ಮೆಟ್ಟಿಲು ಹತ್ತಿ, ಬಗ್ಗಿ, ನನ್ನ ಪಕ್ಕಾಸುಗಳ ಕೆಳಗೆ ತೂರಿ, ತಾರಸಿಯ ಮಣ್ಣಿನ ಮೇಲೆ ಕಾಲು ಚಾಚಿ ಕೂತೇಬಿಟ್ಟರು. ಮೇಲೆ ಕೆಂಪು ಹಂಚು, ಒಳಗೆ ಬೇಯುವ ಗಾಳಿ. ಸಿತ್ ಒಂದು ಕಡೆ, ನಾವಿಬ್ಬರು ಒಂದು ಕಡೆ.

"ನಿಮ್ಮೂರಲ್ಲಿ ಇದು ಎಂತಕ್ಕೆ ಅಂತ ಕೇಳ್ತಾರೆ," ಎಂದರು ಅದ್ರಾಮಾಕ.

ಮಳೆಗೆ, ಎಂದೆ. ಅವರಿಗೆ ಸಾಲಲಿಲ್ಲ. ಮಳೆ ಎಂದರೆ ಎಷ್ಟು? ಸರಿ, ನನಗೆ ಉಮೇದು ಬಂತು. ನಾಲ್ಕು ತಿಂಗಳು ಬಿಡದೆ ಸುರಿಯುವುದನ್ನು ಹೇಳಿದೆ. ಬಾವಿಯ ನೀರನ್ನು ಬಗ್ಗಿ ಕೈಯಲ್ಲೇ ಮೊಗೆಯುವುದನ್ನು, ಒಣಗದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟುವುದನ್ನು, ಮಾಡಿನ ಮೇಲಿನ ಸದ್ದಿಗೆ ಪಕ್ಕದಲ್ಲಿ ಕೂತವರೊಡನೆ ಕೂಗಿ ಮಾತಾಡುವುದನ್ನು ಹೇಳಿದೆ. ಆ ಮುದುಕರು ಕಣ್ಣು ಮುಚ್ಚಿ ಕೇಳಿದರು, ತೊಡೆ ತಟ್ಟಿದರು, ಇನ್ನೂ ಹೇಳು ಎಂದರು. ನಮ್ಮ ಮಳೆಯನ್ನು ಇಷ್ಟು ಆಸೆಯಿಂದ ಕೇಳಿದವರನ್ನು ನಾನು ಕಂಡಿಲ್ಲ. ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ಅದ್ರಾಮಾಕ ಅದನ್ನು ನನ್ನ ಮುಖ ನೋಡದೆ ದಾಟಿಸಿದರು.

"ಆ ಮಳೆಯ ಮಧ್ಯೆ ಪರದೇಶದವ ಒಬ್ಬ ಬಂದು ನಿನ್ನ ಅಕ್ಕನ ಮನೆಯ ಮಾಡು ತೆಗೆದು ಚಪ್ಪಟೆ ಮಾಡಿದರೆ, ಅಂತ ಕೇಳ್ತಾರೆ."

ಹಣೆ ಉಜ್ಜಿಕೊಂಡು ಮೇಲೆ ನೋಡಿದ ಆ ಹುಡುಗಿ ಕಣ್ಣ ಮುಂದೆ ಬಂದಳು.

"ಬಿಚ್ತೇನೆ ಅಂತ ಹೇಳಿ," ಎಂದೆ. "ನಾನೇ ಬಿಚ್ತೇನೆ."

ಮಂತ್ರಿಗಳು ಅಡ್ಡಡ್ಡ ತಲೆಯಾಡಿಸಿದರು. ಹಿಂದಿನವರ ಹುಕುಂ ರದ್ದು ಮಾಡುವ ಅಧಿಕಾರ ತಮಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ಕಾಯುವುದಷ್ಟೇ ಎಂದರು. ಆಗ ಸಿತ್ ಕನ್ನಡಕ ತೆಗೆದು ಒರೆಸುತ್ತ ಹೇಳಿದ್ದನ್ನೂ ಅದ್ರಾಮಾಕ ದಾಟಿಸಿದರು: "ನಿಮ್ಮ ಕೈಗೆ ಬೀಗದ ಕೈ ಬಂದ ದಿನ ಈ ಮಾಡು ಮುಗಿದಿರಲಿಲ್ಲ. ಈ ಮಕ್ಕಳು ಇಲ್ಲಿ ಮಲಗುವುದು ಮಾತ್ರ ಶಾಲೆ ಹುಟ್ಟಿದಂದಿನಿಂದ ಇದೆ. ನೀವು ಕಾಯಬೇಕಾದದ್ದು ಯಾವುದು?"

ಮುದುಕರು ನಕ್ಕು, ಮೊಣಕಾಲ ಮೇಲೆಯೇ ಕಾಗದ ಇಟ್ಟು ಬರೆದು ಸಹಿ ಹಾಕಿದರು. ಕಾಲುವೆಯ ವಿಷಯ ಕಾಯುತ್ತದೆ, ಅಂಚೆಯ ವಿಷಯ ಕಾಯುತ್ತದೆ, ಮಕ್ಕಳ ನಿದ್ದೆ ಮುಂದಿನ ಸರ್ಕಾರದವರೆಗೆ ಕಾಯುವುದಿಲ್ಲ ಎಂದರು. ಏಳುವಾಗ ಇನ್ನೊಂದು ಮಾತು ಹೇಳಿದರು. ಗುರುವಾರಕ್ಕೆ ಹೊಸ ಮಂತ್ರಿಮಂಡಲ ಬರುವ ಹಾಗಿದೆ, ಹಂಚು ಮೆಚ್ಚಿದ ಆ ಹಳೆಯ ಮಂತ್ರಿ ಇದೇ ಕುರ್ಚಿಗೆ ತಿರುಗಿ ಬಂದರೂ ಬರಬಹುದು, ಬಂದರೆ ಈ ಕಾಗದವನ್ನು ಅವರು ಹರಿದುಹಾಕಬಹುದು. ಹಾಸಿಗೆ ಹಾಸಿ ಮಲಗಿದ ಮಕ್ಕಳನ್ನು ಎಬ್ಬಿಸುವುದು ಮಾತ್ರ ಅವರಿಗೂ ಕಷ್ಟ.

ನಾಲ್ಕು ದಿನ

ಇಂಜಿನಿಯರ್ ಆಳು ಕೊಡಲಿಲ್ಲ. ಸಹಿ ನೋಡಿ, ಇದು ಹಂಗಾಮಿ ಸಹಿ ಎಂದು ಮೂಗು ಮುರಿದ. ಎತ್ತರದ ಕಟ್ಟಡ, ರಾಶಿ ಹಂಚು, ನಾವು ಇಬ್ಬರು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

"ದಕ್ಕೆಯಲ್ಲಿ ಹೇಗೆ ಇಳಿಸ್ತೇವೆ?" ಎಂದರು ಅದ್ರಾಮಾಕ.

ನಾವಿಬ್ಬರೂ ಒಟ್ಟಿಗೆ ಸಿತ್ ಕಡೆ ನೋಡಿದೆವು. ವಿಷಯ ಕೇಳಿ ಅವರು ಬೀಗದ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ತೋಳು ಮಡಚಿ, ಗಂಟೆ ಹೊಡೆಸಿದರು. ಮೆಟ್ಟಿಲ ಉದ್ದಕ್ಕೂ ಸಾಲು ನಿಂತಿತು: ಮೇಲೆ ನಾನು, ಬಾಗಿಲಲ್ಲಿ ಸಿತ್, ಅಲ್ಲಿಂದ ಅಂಗಳದವರೆಗೆ ಹುಡುಗಿಯರು, ಕೊನೆಯಲ್ಲಿ ಅಡುಗೆಯ ಹೆಂಗಸರು ಮತ್ತು ಅದ್ರಾಮಾಕ. ಮೊದಲ ಹಂಚು ಕೊಟ್ಟೆ, ಬಿತ್ತು. ಎರಡನೆಯದೂ ಬಿತ್ತು. ಎಣಿಕೆ ಇಲ್ಲದೆ ಕೈ ಕೂಡುವುದಿಲ್ಲ ಎಂದು ಹೊಳೆದು, ದಕ್ಕೆಯ ರಾಗದಲ್ಲೇ ಶುರು ಮಾಡಿದೆ: ಒಂಜಿ! ರಡ್ಡ್! ಮೂಜಿ! ಹತ್ತು ಹಂಚು ಇಳಿಯುವುದರೊಳಗೆ ನಲವತ್ತು ಬಾಯಿ ಕೂಗುತ್ತಿದ್ದವು. ನಾಲ್! ಐನ್! ಆಜಿ! ಟೈಗ್ರಿಸ್ ನದಿಯ ದಂಡೆಯಲ್ಲಿ ತುಳು ಎಣಿಕೆ! ಬೀದಿಯಲ್ಲಿ ಜನ ಸೇರಿದರು. ದಿನವೂ ಬಂದು ನಿಲ್ಲುತ್ತಿದ್ದ ಆ ಮುದುಕ ಚಪ್ಪಾಳೆ ತಟ್ಟಿದ. ಇಷ್ಟು ದಿನ ಅವನು ಹೊಗಳುತ್ತಿರಲಿಲ್ಲ, ಮರುಗುತ್ತಿದ್ದ ಎಂದು ಆಗ ತಿಳಿಯಿತು. ನನ್ನ ಕೈಯಾರೆ ಹೊದಿಸಿದ್ದನ್ನು ನನ್ನ ಕೈಯಾರೆ ತೆಗೆಯುವಾಗ ಅಳು ಬರಬೇಕಿತ್ತು. ಬಂದದ್ದು ನಗು. ಅಷ್ಟು ಗೌಜಿಯ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಬುಧವಾರಕ್ಕೆ ಹಂಚು ಮುಗಿಯಿತು. ಗುರುವಾರ ಬೆಳಿಗ್ಗೆ ರೀಪು, ಆಮೇಲೆ ಪಕ್ಕಾಸು. ಮಧ್ಯಾಹ್ನ ನಾಲ್ಕು ಪಕ್ಕಾಸು ಬಾಕಿ ಇರುವಾಗ ಬೀದಿಯಲ್ಲಿ ಪತ್ರಿಕೆಯವನ ಕೂಗು ಕೇಳಿತು. ಹೊಸ ಮಂತ್ರಿಮಂಡಲ! ಅದ್ರಾಮಾಕ ಕಾಫಿ ಅಂಗಡಿಗೆ ಓಡಿದರು. ನಾನು ಮೊಳೆ ಕೀಳುವುದನ್ನು ನಿಲ್ಲಿಸಲಿಲ್ಲ. ಒಂದು ಪಕ್ಕಾಸು ಇಳಿಯಿತು, ಎರಡು, ಮೂರು. ನಾಲ್ಕನೆಯದನ್ನು ಹೆಗಲಿಗೆ ಹಾಕುವಾಗ ಅದ್ರಾಮಾಕ ಏದುಸಿರು ಬಿಡುತ್ತ ಅಂಗಳಕ್ಕೆ ಬಂದರು.

"ಬಂದಿದ್ದಾರೆ ಮಾರಾಯ! ಹಂಚಿನ ಮಂತ್ರಿ ವಾಪಸ್ ಬಂದಿದ್ದಾರೆ!"

ಸಿತ್ ಗೋಡೆ ಹಿಡಿದುಕೊಂಡರು.

"ಶಾಲೆಗೆ ಅಲ್ಲ, ರೈಲಿಗೆ! ಈ ಸಲ ಅವರಿಗೆ ರೈಲು ಕೊಟ್ಟಿದ್ದಾರೆ!"

ಇಷ್ಟನ್ನು ಒಟ್ಟಿಗೇ ಹೇಳಬಾರದಿತ್ತೇ ಆ ಪುಣ್ಯಾತ್ಮ! ಮುಂದೆ ಬಾಗ್ದಾದಿನ ರೈಲು ಸ್ಟೇಶನುಗಳಿಗೆ ಕೆಂಪು ಮಾಡು ಬಂದರೆ ಬರಲಿ, ನನಗೆ ಸಂತೋಷವೇ. ಸಂಜೆ ಹುಡುಗಿಯರು ಹಾಸಿಗೆ ಹೊತ್ತು ಮೇಲೆ ಬಂದರು. ಹಣೆ ತಾಗಿಸಿಕೊಂಡಿದ್ದವಳು ಬಾಗಿಲಲ್ಲಿ ಅಭ್ಯಾಸಕ್ಕೆ ಬಗ್ಗಿದಳು, ಆಮೇಲೆ ನೆಟ್ಟಗೆ ನಿಂತು ಓಡಿದಳು.

ಕೊನೆಯ ಸಂಜೆ

ಬಿಚ್ಚಿದ ಹಂಚನ್ನು ಸಿತ್ ಹೇಳಿದ ಹಾಗೆ ಅಂಗಳದ ಜಗಲಿಗೆ ಹೊದಿಸಿಕೊಟ್ಟೆ. ಊಟಕ್ಕೆ ಕೂರುವಲ್ಲಿ ನೆರಳಾಯಿತು. ಅದು ಗೋಡೆಗೆ ಒರಗಿದ ಒಂದೇ ಇಳಿಜಾರು. ಒಂದೇ ಇಳಿಜಾರಿಗೆ ನೆತ್ತಿ ಇಲ್ಲ. ನನ್ನ ಹಂಚು ಬೈಹುಲ್ಲಿನಲ್ಲೇ ಉಳಿಯಿತು. ಗಂಟು ಕಟ್ಟುವಾಗ ಅದನ್ನು ಕೈಯಲ್ಲಿ ಹಿಡಿದು ಕೂತೆ. ಅಕ್ಕನಿಗೆ ಎಂತ ಹೇಳುವುದು?

ಆ ಹೊತ್ತಿಗೆ ಒಂಬತ್ತು ದಿನದ ಮಂತ್ರಿಗಳು ಬಂದರು. ಈಗ ಅವರು ಬರೇ ಮುದುಕರು. ಕೈಯಲ್ಲಿ ಕರವಸ್ತ್ರ, ಅದರಲ್ಲಿ ಚಾ ಲೋಟ. ಮೇಲೆ ಹೋಗಿ ಹಾಸಿಗೆಗಳ ಸಾಲನ್ನು ನೋಡಿ ಇಳಿದು, ನನ್ನ ಕೈಯ ಹಂಚನ್ನು ಕಂಡು, ಇದೇನು ಬರೆದದ್ದು ಎಂದು ಕೇಳಿದರು. ಅದ್ರಾಮಾಕ ಎಲ್ಲ ಹೇಳಿದರು, ಅಕ್ಕನ ಬೆರಳಿನವರೆಗೆ. ಅವರು ಆ ಹೆಬ್ಬೆರಳ ಗುರುತಿನ ಮೇಲೆ ತಮ್ಮ ಬೆರಳಿಟ್ಟು ನೋಡಿದರು.

"ಇದನ್ನು ನನಗೆ ಕೊಡ್ತೀಯಾ ಅಂತ ಕೇಳ್ತಾರೆ," ಎಂದರು ಅದ್ರಾಮಾಕ. "ಅವರ ಮನೆಯ ತಾರಸಿಯಲ್ಲಿ ಮಲಗುವಲ್ಲಿ ನೀರಿನ ಹೂಜಿ ಇಡ್ತಾರಂತೆ. ತಳ ಉರುಟು, ಯಾವಾಗಲೂ ಉರುಳ್ತದಂತೆ. ಇದನ್ನು ಅಂಗಾತ ಇಟ್ಟರೆ ಸರಿಯಾಗಿ ಕೂತ್ಕೊಳ್ತದೆ ಅಂತೆ."

ಕೊಟ್ಟೆ. ಸರ್ಕಾರದಿಂದ ಒಂದು ಲೋಟವನ್ನೂ ಮುಟ್ಟದ ಮನುಷ್ಯ ಒಂದು ಕೈಯಲ್ಲಿ ಲೋಟ, ಇನ್ನೊಂದು ಕಂಕುಳಲ್ಲಿ ನನ್ನ ಹಂಚು ಹಿಡಿದು ನಡೆದುಹೋದರು. ನಾವು ಹೊರಟಾಗ ತಾರಸಿಯ ಅಂಚಿನಿಂದ ನಲವತ್ತು ಹುಡುಗಿಯರು ನಮಗೆ ವಿದಾಯ ಹೇಳಿದರು, ಅವರಿಗೆ ಗೊತ್ತಿದ್ದ ನಮ್ಮ ಮಾತಿನಲ್ಲೇ: ಒಂಜಿ, ರಡ್ಡ್, ಮೂಜಿ. ಅದ್ರಾಮಾಕ ಗಾಡಿಯಲ್ಲಿ ಮುಖ ಆಚೆ ತಿರುಗಿಸಿಕೊಂಡರು. ನಾನು ತಿರುಗಿಸಲಿಲ್ಲ, ಬಿಡದೆ ಅತ್ತೆ.

ಕುದ್ರೋಳಿ

ಬೊಂಬಾಯಿಯವರೆಗೆ ಉಗಿಹಡಗು, ಅಲ್ಲಿಂದ ರೈಲು. ಮನೆ ಮುಟ್ಟಿದಾಗ ಆಷಾಢ, ಸುರಿಯುವುದೆಂದರೆ ಸುರಿಯುತ್ತಿತ್ತು. ಮೇಸ್ತ್ರಿಯ ಮನೆಯ ಮಾಡು ಸೋರುತ್ತಿತ್ತು. ಅಕ್ಕ ಸೋರುವಲ್ಲಿ ಪಾತ್ರೆ ಇಟ್ಟು, ನನ್ನ ಎದುರು ಕೂತು, ಮಳೆಯ ಸದ್ದಿನ ಮೇಲೆ ಕೂಗಿ ಕೇಳಿದಳು.

"ಇಟ್ಟಿಯಾ? ಎತ್ತರದಲ್ಲಿ?"

"ಇಟ್ಟೆ ಅಕ್ಕ. ಒಬ್ಬರು ಮಂತ್ರಿಗಳ ಮನೆಯ ಮೇಲೆ. ಅದಕ್ಕಿಂತ ಮೇಲೆ ಆಕಾಶವೇ. ಮಾಡಿನಲ್ಲಿ ಕೂತಿದ್ರೆ ನಿನ್ನ ಬೆರಳು ಕೆಳಗೆ ನೋಡ್ತಿತ್ತು. ಈಗ ಅಂಗಾತ ಉಂಟು, ನಕ್ಷತ್ರ ನೋಡ್ತಾ ಉಂಟು."

ಅವಳ ಮುಖ ಅರಳಿತು. ಕೂಡಲೇ ಹುಬ್ಬು ಗಂಟಿಕ್ಕಿತು.

"ಅಂಗಾತವಾ? ಹಾಗಾದ್ರೆ ಮಳೆ ನೀರು ತುಂಬುವುದಿಲ್ವಾ?"

"ಅಲ್ಲಿ ಮಳೆ ಎಲ್ಲಿ ಉಂಟು ಅಕ್ಕ? ವರ್ಷಕ್ಕೆ ನಾಲ್ಕು ಹನಿ."

ಅಕ್ಕ ತುಂಬಿದ ಪಾತ್ರೆಯನ್ನು ಅಂಗಳಕ್ಕೆ ಚೆಲ್ಲಿ ಬಂದು, ಮತ್ತೆ ಅದೇ ಜಾಗದಲ್ಲಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲ ಐತಪ್ಪ, ಮಳೆಯೇ ಇಲ್ಲದ ಊರಿಗೆ ನೀನು ಹಂಚು ಎಂತಕ್ಕೆ ತಕ್ಕೊಂಡು ಹೋದದ್ದು?"

ಒಂದು ಕಾರ್ಖಾನೆ, ಒಂದು ಮಂಜಿ, ಒಂದು ರೈಲು, ಮೂರು ಸರ್ಕಾರ. ಯಾರೂ ನನ್ನ ಹತ್ತಿರ ಇದನ್ನು ಕೇಳಿರಲಿಲ್ಲ. ನಾನು ಏಣಿ ತರಲು ಎದ್ದೆ.